ಕಿಂಡಿಯಿಲ್ಲದ ಗೋಡೆ

ಮರಾಠಿ ಸೀಮೆಯ ಅಂಚಿನ ದರಿಬಡಚಿಯ ನಮ್ಮ ಮನೆಯ ಹಿತ್ತಲಿಗೆ ಒಂದು ಕಲ್ಲಿನ ಗೋಡೆ ಇದೆ. ಅದಕ್ಕೆ ಹೊಟ್ಟೆ ಬಂದಿದೆ. ಉಂಡು ಕೂತ ಸಾವಕಾರನ ಹಾಗೆ ನಡುವಿಗೆ ಸರಿಯಾಗಿ ಹಳ್ಳದ ಕಡೆಗೆ ಉಬ್ಬಿ ನಿಂತಿದೆ. ಹೊಸದಾಗಿ ನೋಡಿದವರು ಇಂದು ಬೀಳುತ್ತದೆ, ನಾಳೆ ಬೀಳುತ್ತದೆ ಎನ್ನುತ್ತಾರೆ. ನನ್ನ ತಲೆ ಹಣ್ಣಾಗುತ್ತ ಬಂತು, ಅದು ಇನ್ನೂ ಬಿದ್ದಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಅದನ್ನು ನೋಡಿ, ಇದನ್ನು ಕಟ್ಟಿದ ಗೌಂಡಿಯ ಕಾಲು ತೊಳೆದ ನೀರು ಕುಡಿಯಬೇಕು ಎಂದು ನಕ್ಕಿದ್ದ. ನಾನು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಗೌಂಡಿಯದೇನೂ ತಪ್ಪಿರಲಿಲ್ಲ ಎಂದಷ್ಟೇ ಹೇಳಿ ಚಹಾ ಸೋಸಲು ಒಳಗೆ ಹೋದೆ. ಹಾಗೆ ಕಟ್ಟಬಾರದೆಂದು ಅಪ್ಪನಿಗೆ ಗೊತ್ತಿತ್ತು, ಅಪ್ಪನ ತಾಯಿ ಆಯಿಗೆ ಗೊತ್ತಿತ್ತು, ಗೌಂಡಿಗಂತೂ ಗೊತ್ತೇ ಇತ್ತು. ಮೂರನೆಯ ಇಯತ್ತೆ ಓದುತ್ತಿದ್ದ ನನಗೂ ಗೊತ್ತಿತ್ತು. ತಿಳಿದು ತಿಳಿದೇ ಎಲ್ಲರೂ ಸೇರಿ ತಪ್ಪಾಗಿ ಕಟ್ಟಿದ ಗೋಡೆ ಅದು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ರಸ್ತೆಯ ಕಡೆಗಿನ ಪಡಸಾಲೆಯಲ್ಲಿ ಅಪ್ಪನ ಕಿರಾಣಿ ಅಂಗಡಿ, ಅದರ ಹಿಂದೆ ನಡುಮನೆ, ಅದಕ್ಕೆ ಅಂಟಿಕೊಂಡು ಅಡುಗೆಮನೆ ಮತ್ತು ಬಚ್ಚಲು. ಅಡುಗೆಮನೆಯ ಬಾಗಿಲು ದಾಟಿದರೆ ಹಿತ್ತಲು. ಹಿತ್ತಲೆಂದರೆ ಏನೂ ಅಲ್ಲ, ಮನೆಯಿಂದ ಹಳ್ಳದವರೆಗೆ ಜಾರಿಕೊಂಡು ಹೋಗುವ ಒಂದು ಇಳಿಜಾರು. ಅದರ ನಡುವೆ ಒಂದು ಕರಿಬೇವಿನ ಮರ. ನಡುಮನೆಯಲ್ಲಿ ಮೇಲಿನ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ತುಣುಕೊಂದು ಮುಂಜಾನೆ ದೇವರ ಜಗಲಿಯ ಮೇಲಿದ್ದರೆ ಮಧ್ಯಾಹ್ನ ಬೀಸುವ ಕಲ್ಲಿನ ಮೇಲಿರುತ್ತಿತ್ತು. ಆ ಬಿಸಿಲಿನ ದಾರಿಯಲ್ಲೇ, ತೊಲೆಗೆ ಬಡಿದ ಎರಡು ಕಬ್ಬಿಣದ ಕೊಂಡಿಗಳಿಗೆ ನನ್ನ ತಂಗಿಯ ತೊಟ್ಟಿಲು ಕಟ್ಟಿದ್ದರು. ಬಿಸಿಲು ಮುಖಕ್ಕೆ ಬಂದಾಗ ಅವಳು ಸೀನುತ್ತಿದ್ದಳು. ಅವಳ ಬಗ್ಗೆ ನನಗೆ ಚೆನ್ನಾಗಿ ನೆನಪಿರುವುದು ಅದೊಂದೇ. ಅವಳಿಗೊಂದು ಹೆಸರನ್ನೂ ಇಟ್ಟಿದ್ದರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅವ್ವನ ಸೊತ್ತು.

ಬೇಸಿಗೆಯಲ್ಲಿ ಕೂಸಿಗೆ ಜ್ವರ ಬಂತು. ತಾಲೂಕಿನ ಪೇಟೆ ಜತ್ತಿನ ದವಾಖಾನೆಗೆ ಒಯ್ದರು. ಮರುದಿನ ಜೀಪು ಬಂದು ಅಂಗಡಿಯ ಮುಂದೆ ನಿಂತಾಗ ಅವ್ವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು, ಇಳಿಯಲಿಲ್ಲ. ಆಯಿ ಹೋಗಿ ರಟ್ಟೆ ಹಿಡಿದು ಇಳಿಸಿದಳು. ಹಲ್ಲು ಬಾರದ ಕೂಸನ್ನು ಊರ ಹೊರಗಿನ ರುದ್ರಭೂಮಿಗೆ ಒಯ್ಯುವುದಿಲ್ಲ, ಮನೆಯ ಹಿತ್ತಲಲ್ಲೇ ಮಣ್ಣು ಮಾಡುತ್ತಾರೆ, ಒಬ್ಬೊಂಟಿಯಾಗಿ ದೂರ ಇರಲು ಅದಕ್ಕೆ ಬರುವುದಿಲ್ಲ ಎನ್ನುವುದು ನಮ್ಮ ಮನೆತನದ ರೂಢಿ. ಅಯ್ಯನವರು ಬಂದರು, ವಿಭೂತಿ ಹಚ್ಚಿದರು. ಕರಿಬೇವಿನ ಮರದ ಬುಡದಲ್ಲಿ ಅಪ್ಪ ಅಗೆದ. ಮೇಲೆ ಕಲ್ಲಿಡಲಿಲ್ಲ, ಗುರುತನ್ನೂ ಮಾಡಲಿಲ್ಲ. ನಾನು ಬಚ್ಚಲಿನ ಗೋಡೆಗೆ ಆತು ನಿಂತು ನೋಡಿದೆ. ಅಳಬೇಕೆಂದು ಗೊತ್ತಿತ್ತು, ಬರಲಿಲ್ಲ. ಹಸಿವೆಯಾಗಿತ್ತು, ಅಷ್ಟು ನೆನಪಿದೆ. ಮರುದಿನ ಆಯಿ ಖಾಲಿ ಕೊಂಡಿ ಕಣ್ಣಿಗೆ ಚುಚ್ಚುತ್ತದೆ ಎಂದು ಆ ಕೊಂಡಿಗಳಿಗೆ ಬೆಳ್ಳುಳ್ಳಿಯ ಜಡೆಗಳನ್ನು ತೂಗುಹಾಕಿದಳು.

ಅಲ್ಲಿಂದ ಅವ್ವ ಮಾತು ಬಿಟ್ಟಳು. ಬಿಟ್ಟಳು ಎಂದರೆ ಶಪಥ ಮಾಡಿದ ಹಾಗಲ್ಲ, ಸಿಟ್ಟೂ ಅಲ್ಲ. ಕಸ ಗುಡಿಸುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಹಿಟ್ಟು ಮುಗಿದರೆ ಖಾಲಿ ಡಬ್ಬಿಯನ್ನು ಅಂಗಡಿಯ ಬಾಗಿಲಿಗೆ ತಂದಿಟ್ಟು ಹೋಗುತ್ತಿದ್ದಳು. ಅಪ್ಪ ತುಂಬಿಸಿ ಒಳಗಿಡುತ್ತಿದ್ದ. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು. ಕೈಗಳು ಮನೆಯಲ್ಲಿದ್ದವು, ಆಕೆ ಇರಲಿಲ್ಲ. ಊರಿಗೆಲ್ಲ ನಾನು ಗಿರ್ಜಿ. ಅಪ್ಪನಿಗೂ ಗಿರ್ಜಿ, ಆಯಿಗೆ ಸಿಟ್ಟು ಬಂದಾಗ ಗಿರ್ಜವ್ವ. ಅವ್ವ ಒಬ್ಬಳೇ ನನ್ನನ್ನು ಪೂರ್ತಿ ಹೆಸರಿನಿಂದ "ಗಿರಿಜಾ" ಎಂದು ಕರೆಯುತ್ತಿದ್ದವಳು, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು. ಆ ಒಂದು ಕರೆ ನಿಂತುಹೋಗಿತ್ತು. ಆ ವರ್ಷ ನನಗೆ ಬೇಕಾಗಿದ್ದು ಅದೊಂದೇ: ಅವ್ವ ನನ್ನ ಹೆಸರು ಹಿಡಿದು ಕರೆಯಬೇಕು. ಅದಕ್ಕಾಗಿ ಬೇಕೆಂದೇ ಹಾಲು ಚೆಲ್ಲಿದೆ, ಬರೆಯುವ ಪಾಟಿ ಒಡೆದೆ, ಹೊತ್ತು ಮುಳುಗುವವರೆಗೆ ಹಳ್ಳದಲ್ಲಿ ಕೂತು ಬಂದೆ. ಬೈಗುಳ ಬಂದದ್ದು ಆಯಿಯಿಂದ. ಅವ್ವ ಹಾಲು ಒರೆಸಿದಳು, ಪಾಟಿಯ ಚೂರು ಆರಿಸಿದಳು, ತಡವಾಗಿ ಬಂದವಳಿಗೆ ತಟ್ಟೆ ಇಟ್ಟಳು. ಸಾಲೆಯಲ್ಲಿ ನಮ್ಮ ಬಾಯಿಯವರು, ಎಂದರೆ ಮರಾಠಿ ಕಲಿಸುವ ಟೀಚರು, ಎಣ್ಣೆಯಿಲ್ಲದ ನನ್ನ ತಲೆ ನೋಡಿ ನಿನ್ನ ಆಯಿ ಏನು ಮಾಡುತ್ತಾಳೆ ಎಂದು ಮರಾಠಿಯಲ್ಲಿ ಕೇಳಿದರು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನನಗೆ ಆಯಿ ಎಂದರೆ ಆಯಿ. ಮನೆಯಲ್ಲಿ ಕೂತು ಎಲ್ಲರಿಗೂ ಬೈಯುತ್ತಾಳೆ ಎಂದು ಹೇಳಿದೆ. ವರ್ಗವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ.

ಇನ್ನೊಂದು ಬದಲಾವಣೆ ಆಯಿತು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ನಮ್ಮ ಮನೆಯಲ್ಲಿ ಆ ಮರದ ಕರಿಬೇವು ಹರಿಯುವುದು ನಿಂತಿತು. ಮೊದಲು ಒಗ್ಗರಣೆಯ ಎಣ್ಣೆ ಕಾಯುವಷ್ಟರಲ್ಲಿ ಓಡಿಹೋಗಿ ಒಂದು ಎಸಳು ತರುವುದು ನನ್ನ ಕೆಲಸವಾಗಿತ್ತು. ಅಪ್ಪನಿಗೆ ಕರಿಬೇವಿನ ಎಲೆ ಬಾಯಿಗೆ ಸಿಕ್ಕರೆ ಆಗುತ್ತಿರಲಿಲ್ಲ. ಒಂದೊಂದೇ ಎಲೆ ಹುಡುಕಿ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ. ಆಯಿ ಪ್ರತಿ ಊಟಕ್ಕೂ ಹೇಳುತ್ತಿದ್ದಳು:

"ತಿನ್ನೋ ಕುದರಿ. ಕಣ್ಣಿಗಿ ಚಲೋ ಅದು. ನಾಳೆ ತೂಕದ ಕಲ್ಲ ಕಾಣಲಾರದ ಗಿರಾಕಿಗಿ ಹೆಚ್ಚ ತೂಗಿ ಕೊಟ್ಟೀಯಾ."

ಆ ಬೇಸಿಗೆಯ ನಂತರ ಮೊದಮೊದಲು ಆಯಿ ನೆರೆಮನೆಯಿಂದ ಎರಡು ಎಸಳು ಇಸಿದುಕೊಂಡು ಬರುತ್ತಿದ್ದಳು. ಆಮೇಲೆ ಅದೂ ನಿಂತಿತು. ಬೇಳೆಗೆ ಸಾಸಿವೆ, ಬೆಳ್ಳುಳ್ಳಿ ಅಷ್ಟೇ. ಅಪ್ಪನ ಬೆರಳು ಮಾತ್ರ ರೂಢಿಯ ಮೇಲೆ ತಟ್ಟೆಯಲ್ಲಿ ಎಲೆ ಹುಡುಕಾಡಿ, ಸಿಗದೆ, ಸುಮ್ಮನಾಗುತ್ತಿತ್ತು.

ಮುಂಗಾರಿನ ಮೊದಲ ದೊಡ್ಡ ಮಳೆ ಬಿತ್ತು. ನಮ್ಮಲ್ಲಿ ಮಳೆ ಬರುವುದೇ ಅಪರೂಪ, ಬಂದರೆ ಸಿಟ್ಟಿನಿಂದಲೇ ಬರುತ್ತದೆ. ಮಾಳಿಗೆಯ ನೀರು ಅಂಚಿನ ದೋಣಿಯಿಂದ ಹಿತ್ತಲಿಗೆ ಬಿದ್ದು ಇಳಿಜಾರಿನಲ್ಲಿ ಒಂದು ಕೊರಕಲು ಮಾಡಿತು. ಕೊರಕಲು ಕರಿಬೇವಿನ ಮರದ ಮಗ್ಗುಲಿಗೇ ಹೋಗಿತ್ತು. ಮುಂಜಾನೆ ಆಯಿ ಬೂದಿ ಚೆಲ್ಲಲು ಹೋದವಳು ಬೂದಿಬುಟ್ಟಿಯನ್ನು ಹಾಗೇ ಹಿಡಿದುಕೊಂಡು ಅಂಗಡಿಗೆ ಬಂದಳು. ನಾನು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಅಲ್ಲೇ ಕೂತಿದ್ದೆ.

"ಮಲ್ಲು, ಹಿತ್ತಲ ಮಣ್ಣ ಹೊಂಟೈತಿ."

"ನೋಡೀನಿ ಯವ್ವಾ."

"ಬೇರ ಕಾಣಾಕತ್ತಾವು."

"ನೋಡೀನಿ ಅಂದ್ನೆಲ್ಲ."

ಮಣ್ಣು ಹೋದರೆ ಮಣ್ಣಿನ ಜೊತೆ ಇನ್ನೇನು ಹೋಗುತ್ತದೆ ಎನ್ನುವುದನ್ನು ಯಾರೂ ಎತ್ತಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಗೋಡೆಗೆ ಹೇಳುವವನ ಹಾಗೆ, ಹಿತ್ತಲಿಗೆ ಒಂದು ತಡೆಗೋಡೆ ಕಟ್ಟಿಸಿ, ಮಣ್ಣು ತುಂಬಿಸಿ ಮಟ್ಟಸ ಮಾಡಿ, ನಾಲ್ಕು ಬದನೆ, ನಾಲ್ಕು ಮೆಣಸಿನ ಗಿಡ ಹಚ್ಚಬೇಕು ಅಂದ. ಅವ್ವ ಅವನ ತಟ್ಟೆಗೆ ರೊಟ್ಟಿ ಹಾಕಿದಳು. ಕೂಸಿನ ಮಾತು ಬರಬಾರದ ಮನೆಯಲ್ಲಿ ಅವತ್ತಿನಿಂದ ಬದನೆಯ ಮಾತು ಶುರುವಾಯಿತು. ಯಾವ ಬದನೆ, ಮುಳ್ಳಿನದೋ ಬಿಳಿಯದೋ, ಮಡಿ ಉದ್ದಕ್ಕೋ ಅಡ್ಡಕ್ಕೋ. ದೊಡ್ಡವರು ಒಂದರ ಹೆಸರು ಹೇಳಿ ಇನ್ನೊಂದನ್ನು ಮಾತಾಡುತ್ತಾರೆ ಎಂದು ನಾನು ಕಲಿತದ್ದು ಆಗ. ಇಂದಿಗೂ ಯಾರಾದರೂ ನನ್ನ ಹತ್ತಿರ ತರಕಾರಿಯ ವಿಷಯವನ್ನು ಬಹಳ ಹೊತ್ತು ಮಾತಾಡಿದರೆ, ಇವರ ಮನೆಯಲ್ಲಿ ಏನಾಗಿದೆಯೋ ಎಂದು ನನ್ನ ಮನಸ್ಸು ಹುಡುಕತೊಡಗುತ್ತದೆ.

ಅಂಗಡಿಗೆ ಬಂದವರೆಲ್ಲ ಅಪ್ಪನನ್ನು ಕಾಡಿದರು. ಕುರಿ ಕಾಯುವ ಬೀರಪ್ಪ ಬೀಡಿಯ ಕಟ್ಟು ಕೊಳ್ಳಲು ಬಂದವನು ಕಟ್ಟೆಯ ಮೇಲೆ ಕೂತು ಕೇಳಿದ:

"ಸಾವಕಾರ್ರ, ಕುಡ್ಯಾಕ ಟ್ಯಾಂಕರ ನೀರು. ನಿಮಗ ಬಾಗೀಚಾ ಬೇಕಾತೇನ್ರಿ?"

"ಬದನಿಕಾಯಿ ಹಚ್ಚತೀನಿ ಬೀರಪ್ಪಾ. ಮೊದಲನೇ ಬುಟ್ಟಿ ನಿನಗ."

"ಕೊಡ್ರಿ ಕೊಡ್ರಿ. ನಾ ತಿನ್ನಾಂಗಿಲ್ಲ, ನಮ್ಮ ಕುರಿ ತಿಂತಾವು."

ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಎರಡು ದಿನ ಬಿಟ್ಟು ಬೀರಪ್ಪ ಎರಡು ಚೀಲ ಕುರಿಗೊಬ್ಬರ ತಂದು ಹಿತ್ತಲಿನ ಮೂಲೆಯಲ್ಲಿ ಇಳಿಸಿದ. ಕರಿಬೇವಿನ ಮರದ ಕಡೆಗೆ ಹೋಗದೆ, ಬಳಸಿಕೊಂಡು, ಬಚ್ಚಲಿನ ಮಗ್ಗುಲಿನಿಂದ ಬಂದು ಇಳಿಸಿದ. ಆಗ ತಿಳಿಯಿತು ಊರಿಗೆಲ್ಲ ಗೊತ್ತಿದೆ ಎಂದು.

ಕಲ್ಲು ನಮ್ಮ ಹೊಲದವೇ. ಚಕ್ಕಡಿಯಲ್ಲಿ ತಂದು ಸುರಿದರು. ಗೌಂಡಿ ಮಾರುತಿ ಬಂದ. ತೆಳ್ಳನೆಯ ಮನುಷ್ಯ, ಬಾಯಲ್ಲಿ ಸದಾ ತಂಬಾಕು, ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಅಪ್ಪ ದಾರ ಹಿಡಿದು ಹಳ್ಳದ ಅಂಚಿಗೇ ಹೋಗಿ ನಿಂತ. ಮಾರುತಿ ನಗತೊಡಗಿದ.

"ಅಷ್ಟ ಕೆಳಗ್ಯಾಕ್ರಿ ಸಾವಕಾರ? ಗೋಡಿ ಎತ್ತರ ಆಕ್ಕೈತಿ, ಮಣ್ಣ ಹೇರಿ ಹೇರಿ ಸಾಯಬೇಕು. ಹಿಂಗ ಮ್ಯಾಲ ಹಿಡೀರಿ, ಗಿಡದ ಬುಡಕ್ಕ..."

ಅಷ್ಟು ಹೇಳಿದವನು ನಿಲ್ಲಿಸಿದ. ತಂಬಾಕು ಉಗುಳಿ ಬಂದು, ಅಪ್ಪನ ಕೈಯಿಂದ ದಾರ ಇಸಿದುಕೊಂಡು ತಾನೇ ಇನ್ನೆರಡು ಹೆಜ್ಜೆ ಕೆಳಗೆ ಇಳಿಸಿ ಗೂಟ ಬಡಿದ. ಪಾಯ ತೆಗೆದ ದಿನ ಪೂಜೆ ಆಯಿತು. ಮೊದಲ ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಬೇಕಾದವಳು ಮನೆಯ ಮುತ್ತೈದೆ. ಆಯಿ ಕರೆದಳು, ಅವ್ವ ಬಂದಳು. ಹಚ್ಚಿದಳು, ಕಾಯಿ ಒಡೆದಳು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಮರದ ಕಡೆಗೆ ನೋಡಲಿಲ್ಲ. ನೋಡುತ್ತಾಳೋ ಇಲ್ಲವೋ ಎಂದು ನಾನು ಅವಳನ್ನೇ ನೋಡುತ್ತಿದ್ದೆ.

ಗೋಡೆ ಏಳುವುದನ್ನು ನೋಡುವುದು ನನಗೆ ಹಿತವಾಗಿತ್ತು. ಅಪ್ಪ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಬಂದು ಸಿಮೆಂಟು ಕಲಸುತ್ತಿದ್ದ. ನಾನು ಸಾಲೆಯಿಂದ ಬಂದು ಚಿಕ್ಕ ಕಲ್ಲುಗಳನ್ನು ಬುಟ್ಟಿಯಲ್ಲಿ ಹೊತ್ತು ಕೊಡುತ್ತಿದ್ದೆ. ದೊಡ್ಡ ಕಲ್ಲುಗಳ ನಡುವೆ ಉಳಿದ ಸಂದಿಗಳಲ್ಲಿ ಮಾರುತಿ ಆ ಚಿಕ್ಕ ಕಲ್ಲುಗಳನ್ನು ಬಡಿದು ಕೂರಿಸುತ್ತಿದ್ದ. ಕಲ್ಲಿಗೆ ಸುತ್ತಿಗೆ ಬೀಳುವ ಸದ್ದಿನಿಂದ ಮನೆಗೆ ಒಂದು ಬಗೆಯ ಮಾತು ಬಂದ ಹಾಗಾಗಿತ್ತು. ಪಾಯ ದಾಟಿ ಗೋಡೆ ನನ್ನ ಮೊಣಕಾಲಿಗೆ ಬಂದಾಗ ಮಾರುತಿ ಕೈ ತಡೆದು ಕೇಳಿದ:

"ಕಿಂಡಿ ಎಲ್ಲೆಲ್ಲಿ ಬಿಡಾಣ್ರಿ?"

ಮಣ್ಣು ತಡೆಯುವ ಗೋಡೆಗೆ ಕಿಂಡಿ ಬಿಡಬೇಕೆಂಬುದು ನಮ್ಮ ಕಡೆ ಆಡುವ ಮಕ್ಕಳಿಗೂ ಗೊತ್ತು. ಹೊಲದ ಒಡ್ಡಿಗೂ ಬಿಡುತ್ತಾರೆ. ಹಿಂದಿನ ಮಣ್ಣು ಕುಡಿದ ನೀರು ಹೊರಗೆ ಬರಲು ದಾರಿ ಇಲ್ಲದಿದ್ದರೆ ಅದು ಗೋಡೆಯನ್ನೇ ತಳ್ಳಿಕೊಂಡು ಬರುತ್ತದೆ. ಅಪ್ಪ ಬೆರಳು ತೋರಿಸಲು ಕೈ ಎತ್ತಿದ್ದ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಮಾತು ಕೇಳಿತು.

"ಕಿಂಡಿ ಬ್ಯಾಡ."

ಅವ್ವ ಹೊಸ್ತಿಲ ಮೇಲೆ ನಿಂತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು. ನಾವೆಲ್ಲ ತಿರುಗಿ ನಿಂತೆವು. ದನಿ ಒಡೆದಿತ್ತು, ಬಹಳ ದಿನ ತೆಗೆಯದ ಬಾಗಿಲಿನ ಸದ್ದಿನ ಹಾಗೆ. ಆಯಿ ಕೂತಲ್ಲಿಂದ ಎದ್ದಳು.

"ಯಾಕವಾ ಸಾವಂತ್ರಿ?"

"ಅದರಾಗಿಂದ ಹೊಕ್ಕೈತಿ."

ಏನು ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಮಾರುತಿ ಸಿಮೆಂಟು ಬಳಿಯುವ ಥಾಪಿ ಹಿಡಿದುಕೊಂಡು ಅಪ್ಪನ ಮುಖ ನೋಡಿದ.

"ಸಾವಕಾರ್ರ, ನೀರ ತುಂಬಿದ್ರ ಗೋಡಿ ತಡ್ಯಾಂಗಿಲ್ರಿ."

"ಮಾರುತಿ, ಆಕಿ ಮಾತಾಡ್ಯಾಳ."

"ಖರೇರಿ, ಆದ್ರ..."

"ಆಕಿ ಮಾತಾಡ್ಯಾಳಂದ್ನಿ. ಕಿಂಡಿ ಬ್ಯಾಡ ಅಂದ್ರ ಬ್ಯಾಡ. ಮುಚ್ಚು."

ಮಾರುತಿ ಆಯಿಯನ್ನು ನೋಡಿದ. ಆಯಿ ಹೂಂ ಎಂದಳು. ಅವನು ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಮುಖ ಒರೆಸಿಕೊಂಡು ಮತ್ತೆ ಕಟ್ಟಿದ. ಕೆಳಗೆ ಒಂದು ಸಾಲಿನಲ್ಲಿ ಬಿಟ್ಟಿದ್ದ ಸಂದಿಗೂ ಕಲ್ಲು ಬಡಿದು, ಸಿಮೆಂಟು ಬಳಿದು ಮುಚ್ಚಿದ. ಅವತ್ತು ಸಂಜೆ ಆಯಿ ಬೆಲ್ಲ ಹಾಕಿ ಸಜ್ಜಕ ಮಾಡಿದಳು. ಯಾವ ಹಬ್ಬ ಎಂದು ನಾನು ಕೇಳಿದ್ದಕ್ಕೆ, ನಿನ್ನ ಬಾಯಿ ಮುಚ್ಚೋ ಹಬ್ಬ ಎಂದು ತಲೆಗೆ ಮೊಟಕಿದಳು. ಅವಳಿಗೆ ಖುಷಿಯಾಗಿತ್ತು. ನನಗೂ ಆಗಿತ್ತು. ಕಿಂಡಿ ಬೇಡ ಎಂದವಳು ನಾಳೆ ನನ್ನ ಹೆಸರನ್ನೂ ಹೇಳುತ್ತಾಳೆ ಎಂದು ನಂಬಿದ್ದೆ. ಬೆಳಿಗ್ಗೆ ಎದ್ದು ಅವಳ ಹಿಂದೆ ಹಿಂದೆಯೇ ತಿರುಗಿದೆ. ಅವಳು ಹೇಳಲಿಲ್ಲ. ಮರುದಿನವೂ ಇಲ್ಲ. ಗೋಡೆ ಅಪ್ಪನ ಎದೆಮಟ್ಟ ಬಂದು ಮುಗಿಯಿತು, ಅವ್ವ ಮಾತ್ರ ಆ ಎರಡು ಮಾತು ಆಡಿ ಮತ್ತೆ ಒಳಗೆ ಹೋಗಿಬಿಟ್ಟಿದ್ದಳು. ನನಗೆ ಮೋಸವಾದ ಹಾಗಾಯಿತು. ಆಮೇಲೆ ಮೋಸವೂ ಅನಿಸುವುದು ನಿಂತಿತು. ಹಾಲು ಚೆಲ್ಲುವುದನ್ನು ಬಿಟ್ಟೆ. ಆಯಿ, ಹುಡುಗಿಗೆ ಬುದ್ಧಿ ಬಂತು ಎಂದು ನೆರೆಯವರ ಹತ್ತಿರ ಹೇಳಿಕೊಂಡಳು.

ಗೋಡೆಯ ಹಿಂದೆ ಹೊಲದ ಕಪ್ಪು ಎರೆಮಣ್ಣು ತುಂಬಿದರು. ಗಿಡಕ್ಕೆ ಒಳ್ಳೆಯದು ಎಂದು ಅಪ್ಪನೇ ಎರೆಮಣ್ಣು ಬೇಕೆಂದ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಡುವುದೇ ಇಲ್ಲ. ಅದೂ ಎಲ್ಲರಿಗೂ ಗೊತ್ತಿದ್ದ ಮಾತೇ. ಮರದ ಬುಡಕ್ಕೆ ಮಾತ್ರ ಅಪ್ಪ ಬುಟ್ಟಿ ಸುರಿಯಲಿಲ್ಲ, ಕೂತುಕೊಂಡು ಕೈಯಿಂದ ಮಣ್ಣು ಹರಡಿದ. ಬೀರಪ್ಪನ ಗೊಬ್ಬರ ಬಿತ್ತು, ಬದನೆ ಮತ್ತು ಮೆಣಸಿನ ಸಸಿ ಬಂದವು. ಪಾತ್ರೆ ತೊಳೆದ ನೀರನ್ನೆಲ್ಲ ಅವ್ವ ಕೊಡದಲ್ಲಿ ತುಂಬಿ ಗಿಡಗಳಿಗೆ ಹಾಕುತ್ತಿದ್ದಳು. ಸಂಜೆ ಗೋಡೆಯ ಮೇಲೆ ಕೂತು ಹಳ್ಳವನ್ನು ನೋಡುತ್ತಿದ್ದಳು. ನಾನು ಅವಳಿಂದ ಒಂದು ಮಾರು ದೂರದಲ್ಲಿ ಕೂರುತ್ತಿದ್ದೆ. ಅವಳು ಎದ್ದುಹೋಗು ಅನ್ನುತ್ತಿರಲಿಲ್ಲ, ಹತ್ತಿರ ಬಾ ಎಂದೂ ಅನ್ನುತ್ತಿರಲಿಲ್ಲ. ಹಾಗೆ ಕೂತಿರುವುದು ನನಗೆ ರೂಢಿಯಾಯಿತು. ಯಾರ ಹತ್ತಿರವಾದರೂ ಮಾತಿಲ್ಲದೆ ಎಷ್ಟು ಹೊತ್ತು ಬೇಕಾದರೂ ಕೂರಬಲ್ಲೆ ಈಗಲೂ. ಜನ ಇದನ್ನು ನನ್ನ ಸೊಕ್ಕು ಎನ್ನುತ್ತಾರೆ. ಅನ್ನಲಿ.

ಮುಂಗಾರು ಆಮೇಲೆ ಕೈಕೊಟ್ಟಿತು. ಹಸ್ತಾ ಮಳೆ ಮಾತ್ರ ಸಿಕ್ಕಾಪಟ್ಟೆ ಹಿಡಿದುಕೊಂಡಿತು. ಮಾಳಿಗೆ ಸೋರಿತು, ಸಾಲೆಗೆ ಸೂಟಿ ಕೊಟ್ಟರು, ಹಳ್ಳ ಎರಡೂ ದಂಡೆ ಹಿಡಿದು ಹರಿಯಿತು. ಒಂದು ಮಧ್ಯಾಹ್ನ ಅಪ್ಪ ಗೋಣಿಚೀಲ ತಲೆಗೆ ಹಾಕಿಕೊಂಡು ಹಿತ್ತಲಿಗೆ ಹೋದವನು ಓಡಿಬಂದ.

"ಯವ್ವಾ, ಗೋಡಿ ಹೊಟ್ಟಿ ಬಿಟ್ಟೈತಿ. ನಾ ಮಾರುತಿನ ಕರಕೊಂಬರತೀನಿ. ಯಾರೂ ಹಂತ್ಯಾಕ ಹೋಗಬ್ಯಾಡ್ರಿ."

ಅವನು ಹೋದ ಮೇಲೆ ನಾವು ಮೂವರೂ ಬಾಗಿಲಿಗೆ ಬಂದು ನಿಂತೆವು. ಹಿತ್ತಲು ಕೆರೆಯಾಗಿತ್ತು. ಬದನೆಯ ಗಿಡಗಳ ತುದಿಗಳು ಮಾತ್ರ ಕಾಣುತ್ತಿದ್ದವು, ಕರಿಬೇವಿನ ಬುಡ ನೀರಿನಲ್ಲಿತ್ತು. ಗೋಡೆಯ ನಡು ಮುಂದಕ್ಕೆ ಬಂದು, ಮೇಲಿನ ಸಾಲಿನಿಂದ ಕೆಳಗೆ ಒಂದು ಬಿರುಕು ಇಳಿದಿತ್ತು. ಅದರ ಕೆಳಗೆ ಹಳ್ಳ ಗುದ್ದಾಡಿಕೊಂಡು ಹರಿಯುತ್ತಿತ್ತು. ಆಯಿ ಅವ್ವನ ಕಡೆಗೆ ತಿರುಗಿದಳು. ಆ ಮನೆಯಲ್ಲಿ ಬೇಸಿಗೆಯಿಂದ ಯಾರೂ ಆಡದ ಮಾತನ್ನು ಅವಳು ಆಡಿದಳು, ಬೈದ ಹಾಗಲ್ಲ, ಸಮಾಧಾನದ ಹಾಗೂ ಅಲ್ಲ.

"ಸಾವಂತ್ರಿ, ನೀ ಕಿಂಡಿ ಬ್ಯಾಡ ಅಂದಿ, ನಾವು ಹೂಂ ಅಂದ್ವಿ. ಈಗ ಗೋಡಿ ಬಿದ್ರ ಮಣ್ಣು, ಗಿಡ, ಕೂಸು ಎಲ್ಲಾ ಹಳ್ಳದ ಪಾಲು. ಅವರು ಬರೂತನಕ ಇದು ನಿಲ್ಲಾಂಗಿಲ್ಲ. ಏನ ಮಾಡತಿ ಹೇಳು."

ಅವ್ವ ಮರವನ್ನು ನೋಡಿದಳು. ನೆಟ್ಟಗೆ, ಬುಡಕ್ಕೆ ಕಣ್ಣಿಟ್ಟು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಗಿರಿಜಾ, ಹಾರಿ ತಾ."

ಆಯಿ ಬೆನ್ನಿಗೆ ಗುದ್ದಿದ ಮೇಲೆ ಓಡಿದೆ. ಬಚ್ಚಲಿನ ಮೂಲೆಯಲ್ಲಿದ್ದ ಕಬ್ಬಿಣದ ಹಾರೆ ನನಗಿಂತ ಉದ್ದವಿತ್ತು, ಎಳೆದುಕೊಂಡೇ ತಂದೆ. ಅವ್ವ ಅದನ್ನು ಕಸಿದುಕೊಂಡು ಬಳಸಿ ಇಳಿದು, ಗೋಡೆಯ ಕೆಳಗೆ, ಅದರ ಹೊಟ್ಟೆಯ ಎದುರಿಗೇ ಹೋಗಿ ನಿಂತಳು. ಅವಳಿಗೂ ಹಳ್ಳಕ್ಕೂ ನಡುವೆ ಕಾಲಿಡುವಷ್ಟೇ ಜಾಗವಿತ್ತು. ನನ್ನ ಜೊತೆ ಗೋಡೆಯ ಮಗ್ಗುಲಿನ ಏರಿಗೆ ಬಂದು ನಿಂತ ಆಯಿ ಮೇಲಿನಿಂದ, ಹುಚ್ಚಿ, ಮೈಮೇಲೆ ಬಿದ್ದೀತು, ಮಗ್ಗುಲಿಗೆ ಸರಿ ಎಂದು ಕೂಗುತ್ತಿದ್ದಳು. ಅವ್ವ ಕೆಳಗಿನ ಸಾಲಿನಲ್ಲಿ ಎರಡು ದೊಡ್ಡ ಕಲ್ಲುಗಳ ಸಂದಿ ನೋಡಿ ಹಾರೆ ಹಾಕಿದಳು. ಸಿಮೆಂಟು ಸಿಡಿಯಿತು. ಮತ್ತೆ ಹಾಕಿದಳು, ಮತ್ತೆ. ಯಾವುದೋ ಒಂದು ಏಟಿಗೆ, ನಾನೇ ಬುಟ್ಟಿಯಲ್ಲಿ ಹೊತ್ತು ಕೊಟ್ಟಿದ್ದ ಒಂದು ಚಿಕ್ಕ ಕಲ್ಲು ಕಿತ್ತು ಅವಳ ಕಾಲ ಬಳಿ ಬಿತ್ತು. ಅದರ ಹಿಂದೆಯೇ ಕರಿ ನೀರು ಚಿಮ್ಮಿ ಅವಳ ಎದೆಗೆ ಬಡಿಯಿತು.

ಅವ್ವ ಹಾರೆ ಕೆಳಗೆ ಹಾಕಿ ಎರಡೂ ಕೈಯನ್ನು ಆ ನೀರಿಗೆ ಒಡ್ಡಿದಳು. ತಡೆಯಲು ಅಲ್ಲ, ಹಿಡಿಯಲು. ಬೊಗಸೆಯಲ್ಲಿ ಬಂದದ್ದನ್ನು ನೋಡಿ ಚೆಲ್ಲುತ್ತಿದ್ದಳು, ಮತ್ತೆ ಒಡ್ಡುತ್ತಿದ್ದಳು. ಕೆಸರು, ಕುರಿಹಿಕ್ಕೆ, ಒಂದು ಎರೆಹುಳು, ಬದನೆಯ ಬೇರಿನ ತುಂಡು. ಆಮೇಲೆ ನೀರು ತೆಳುವಾಯಿತು. ಅವಳು ನೋಡುತ್ತಲೇ ಇದ್ದಳು. ಕೊನೆಗೆ ಬೊಗಸೆಯನ್ನು ಮೇಲಕ್ಕೆ, ನಮ್ಮ ಕಡೆಗೆ ಎತ್ತಿ ಹಿಡಿದಳು.

"ಬರೇ ನೀರ ಐತಿ" ಅಂದಳು. "ಅತ್ತಿ, ಬರೇ ನೀರ ಐತಿ."

ಹಾರೆ ಎತ್ತಿಕೊಂಡು ಇನ್ನೊಂದು ಸಂದಿಗೆ ಹಾಕಿದಳು. ಅಪ್ಪ ಮತ್ತು ಮಾರುತಿ ಓಡುತ್ತ ಬಂದಾಗ ಮೂರನೆಯ ಕಿಂಡಿಯಿಂದ ನೀರು ಬೀಳುತ್ತಿತ್ತು. ಗೋಡೆ ಹಾಗೇ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು, ಮುಂದೆ ಬರಲಿಲ್ಲ. ಹಿತ್ತಲಿನ ನೀರು ಇಳಿಯುತ್ತ ಕರಿಬೇವಿನ ಬುಡ ಕಾಣಿಸಿತು. ಮಣ್ಣು ಅಲ್ಲೇ ಇತ್ತು. ಮಾರುತಿ ಅವ್ವನ ಕೈಯಿಂದ ಹಾರೆ ಇಸಿದುಕೊಂಡ.

"ಬಿಡ್ರಿ ಅಕ್ಕಾರ, ಇನ್ನ ಸಾಕ್ರಿ. ನಿಂತೈತಿ."

ಅಪ್ಪ ಬದನೆಯ ಮಡಿಯ ನಡುವೆ, ಕೆಸರಿನಲ್ಲಿ ಕುಳಿತುಬಿಟ್ಟ. ಕುಳಿತು ಅತ್ತ. ದೊಡ್ಡ ದನಿ ತೆಗೆದು, ಸಣ್ಣ ಹುಡುಗರು ಅಳುವ ಹಾಗೆ. ಅವನು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ಹೋಗಿ ಅವನ ಭುಜ ಮುಟ್ಟಬೇಕೆಂದುಕೊಂಡೆ. ಆಯಿ, ಅಳಲಿ ಬಿಡು ಎಂದು ನನ್ನನ್ನು ಹಿಡಿದುಕೊಂಡಳು. ಅವ್ವ ಕೆಳಗೆ ಕಿಂಡಿಯ ನೀರಿಗೆ ಕೈ ಒಡ್ಡಿ ತೊಳೆದುಕೊಳ್ಳುತ್ತಿದ್ದಳು, ಮೊಣಕೈಯವರೆಗೆ, ನಿಧಾನವಾಗಿ.

ಅಂದಿನಿಂದ ಅವ್ವ ಮೊದಲಿನ ಹಾಗಾದಳು ಎಂದು ಬರೆದರೆ ಸುಳ್ಳಾಗುತ್ತದೆ. ಆಗಲಿಲ್ಲ. ಹಿಂದೆ ಇದ್ದ ಹಾಡು, ನೆರೆಯವರ ಜೊತೆಗಿನ ಜಗಳ ಮರಳಿ ಬರಲಿಲ್ಲ. ಮಾತು ಬಂತು, ಬೇಕಾದಷ್ಟೇ. ಮಾರುತಿ ಆಮೇಲೆ ಆ ಕಿಂಡಿಗಳ ಅಂಚಿಗೆ ಸಿಮೆಂಟು ಹಚ್ಚಿ ನೇರ ಮಾಡಲು ಬಂದಾಗ, 'ಇರಲಿ, ಹಂಗ ಬಿಡು' ಅಂದಳು. ಒಂದು ಮೇಲೆ, ಎರಡು ಕೆಳಗೆ, ಒಂದಕ್ಕೊಂದು ಹೋಲಿಕೆಯಿಲ್ಲದ ಆ ಕಿಂಡಿಗಳು ಹಾಗೇ ಇವೆ. ಗೋಡೆಯನ್ನು ಬಿಚ್ಚಿ ಕಟ್ಟುವ ಮಾತನ್ನು ಅಪ್ಪ ಎತ್ತಲೇ ಇಲ್ಲ.

ಆ ದಿನದ ಕೊನೆಯ ಒಂದು ಸಂಗತಿ ಉಳಿದಿದೆ. ಮಳೆ ನಿಂತು, ಇನ್ನೂ ಬೆಳಕಿತ್ತು. ಯಾರೂ ಮಧ್ಯಾಹ್ನ ಉಂಡಿರಲಿಲ್ಲ. ಅವ್ವ ಒಣ ಸೀರೆ ಉಟ್ಟು ಒಲೆ ಹಚ್ಚಿ ಉಪ್ಪಿಟ್ಟಿಗೆ ರವೆ ಹುರಿದಳು. ಬಾಣಲೆಗೆ ಎಣ್ಣೆ ಹಾಕಿದವಳು ನನ್ನ ಕಡೆಗೆ ನೋಡದೆ ಹೇಳಿದಳು:

"ಗಿರಿಜಾ, ಒಂದ ಎಸಳ ಕರಿಬೇವ ಹರಕೊಂಬಾ. ಲಗೂನ, ಎಣ್ಣಿ ಕಾದೈತಿ."

ಹಿಟ್ಟಿನ ಡಬ್ಬಿ ಮುಚ್ಚುತ್ತಿದ್ದ ಆಯಿಯ ಕೈ ತಡೆಯಿತು. ನಾನು ಹಿತ್ತಲಿಗೆ ಹೋದೆ. ಮಣ್ಣು ಇನ್ನೂ ಮೆತ್ತಗಿತ್ತು, ಬುಡ ತುಳಿಯದ ಹಾಗೆ ನಿಂತು ಕೈ ಚಾಚಿ ಹರಿದೆ. ಎಲೆ ಒದ್ದೆಯಾಗಿದ್ದರಿಂದ ಎಣ್ಣೆ ಬಹಳ ಸಿಡಿಯಿತು. ಮನೆಯೆಲ್ಲ ಆ ವಾಸನೆ ತುಂಬಿತು. ನಾಲ್ಕು ತಟ್ಟೆ ಬಂದವು, ನಾಲ್ವರೂ ಕೂತೆವು. ಅಪ್ಪ ತಲೆ ಬಗ್ಗಿಸಿ, ಎಂದಿನ ಹಾಗೆ ಉಪ್ಪಿಟ್ಟಿನಿಂದ ಮೊದಲ ಎಲೆಯನ್ನು ಬೆರಳಿನಲ್ಲಿ ಎತ್ತಿ ತಟ್ಟೆಯ ಅಂಚಿನವರೆಗೆ ಒಯ್ದ. ಅಲ್ಲಿ ಕೈ ನಿಂತಿತು. ನಾವು ಯಾರೂ ಅವನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದೆವು. ಅವನು ಆ ಎಲೆಯನ್ನು ತಿರುಗಿ ತಂದು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದ.